ಅಪ್‌ಡೇಟ್: ಎರಡೂ ಎಫ್/2.8, ಆದರೂ ಜೂಮ್ ಲೆನ್ಸ್ ಮಾತ್ರ ಮಂಕು

ಮದುವೆ ವಿಡಿಯೋದಲ್ಲಿ ಎರಡು ಲೆನ್ಸಿಗೂ (ಒಂದು ಜೂಮ್, ಇನ್ನೊಂದು ಜೂಮ್ ಆಗದ ಪ್ರೈಮ್) ಎಫ್/2.8 ಇಟ್ಟರೂ ಜೂಮ್ ಯಾಕೆ ಮಂಕು ಅಂತ ಕೇಳಿದ್ದೆನಲ್ಲ, ಟಿ-ಸ್ಟಾಪ್ (ಲೆನ್ಸ್ ದಾಟಿ ನಿಜವಾಗಿ ಬರುವ ಬೆಳಕಿನ ಅಳತೆ) ನೋಡಿ ಅಂದಿದ್ರಿ. ನೀವು ಹೇಳಿದ್ದೇ ಸರಿ.

ನಿನ್ನೆ ಗೋಡೆಗೆ ಅಮ್ಮನ ಜರಿ ಸೀರೆ ನೇತುಹಾಕಿ, ಒಂದೇ ಲೈಟ್ ಬಿಟ್ಟೆ. ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ), ಶಟರ್ ಮುಟ್ಟದೆ ಲೆನ್ಸ್ ಮಾತ್ರ ಬದಲಿಸಿದೆ. ಜೂಮ್‌ನಲ್ಲಿ ಬೆಳಕು ಸುಮಾರು ಮೂರನೇ ಒಂದು ಸ್ಟಾಪ್ ಕಡಿಮೆ (ಪೂರ್ತಿ ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ).

ಎಫ್ ಬರೀ ಅಳತೆಯ ಲೆಕ್ಕ: ಫೋಕಲ್ ಲೆಂತನ್ನು (ಲೆನ್ಸಿನ ಎಂಎಂ ಸಂಖ್ಯೆ) ಬೆಳಕಿನ ಕಿಂಡಿಯ ಅಗಲದಿಂದ ಭಾಗಿಸಿದ್ದು. ಒಳಗಿನ ಗಾಜುಗಳು ನುಂಗುವ ಬೆಳಕು ಅದರಲ್ಲಿ ಸೇರಿಲ್ಲ. ಟಿ ಅದನ್ನೂ ಸೇರಿಸುತ್ತದೆ. 75% ಬೆಳಕು ಮಾತ್ರ ದಾಟಿದರೆ ಎಫ್/2.8 ಲೆನ್ಸ್ ಟಿ3.2 ಆಗುತ್ತದೆ. ಹಿನ್ನೆಲೆ ಎಷ್ಟು ಮಸುಕು ಅನ್ನೋದಕ್ಕೆ ಮಾತ್ರ ಎಫ್ ಅನ್ನೇ ನೋಡಬೇಕು.

ಪ್ರೈಮ್ ಲೆನ್ಸನ್ನು ಎಫ್/3.2ಕ್ಕೆ ಇಟ್ಟು, ಅದರ ಬೆಳಕನ್ನೂ ಅಷ್ಟೇ ಕಡಿಮೆ ಮಾಡಿದೆ. ಈಗ ಎರಡೂ ಶಾಟ್‌ನಲ್ಲಿ ಜರಿ ಒಂದೇ ಥರ ಹೊಳೆಯುತ್ತಿದೆ!