ಮೊಟ್ಟೆ ತಿನ್ನದ ಅಮ್ಮನಿಗೆ ಪ್ಯಾರಿಸ್‌ನ ಸಿಹಿಯಂಗಡಿಗಳಲ್ಲಿ ಏನು ಸಿಗಬಹುದು?

ಪ್ರಶ್ನೆ: ಕುಂಜಿಬೆಟ್ಟು, ಉಡುಪಿ

ಬರುವ ಮೇ ತಿಂಗಳಿನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹತ್ತು ದಿನಗಳ ಮಟ್ಟಿಗೆ ಪ್ಯಾರಿಸ್‌ಗೆ ಹೋಗುತ್ತಿದ್ದೇನೆ. ಹೋದ ಊರಿನ ಸಿಹಿಯನ್ನು ಆ ಊರಿನಲ್ಲಿಯೇ ಹುಡುಕಿ ತಿನ್ನುವುದು ನಮ್ಮ ಮನೆಯ ಹಳೆಯ ಪದ್ಧತಿ; ಧಾರವಾಡದ ಪೇಡಾ, ಗೋಕಾಕದ ಕರದಂಟು, ಬೆಳಗಾವಿಯ ಕುಂದಾ ಎಲ್ಲವನ್ನೂ ಹಾಗೆಯೇ ತಿಂದಿದ್ದೇವೆ. ಅಪ್ಪ ಮತ್ತು ನಾನು ಕೇಕ್ ತಿನ್ನುತ್ತೇವೆ, ಅಮ್ಮ ಮಾತ್ರ ಮೊಟ್ಟೆ ಸೇರಿದ ಯಾವುದನ್ನೂ ಮುಟ್ಟುವುದಿಲ್ಲ. ನಾವಿಬ್ಬರು ತಿನ್ನುವಾಗ ಅಮ್ಮ ಬರಿದೇ ಕಾಫಿ ಕುಡಿಯುತ್ತಾ ಕುಳಿತಿರುವುದನ್ನು ನನ್ನಿಂದ ನೋಡಲಾಗದು. ಅಲ್ಲಿನ ಅಂಗಡಿಗಳಲ್ಲಿ ಅಮ್ಮ ನೆಮ್ಮದಿಯಿಂದ ತಿನ್ನಬಹುದಾದದ್ದು ಏನಿದೆ, ಅದನ್ನು ಕೇಳುವುದು ಹೇಗೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮೂಲ ಮಂಗಳೂರು, ಈಗ ಲಿಯೋನ್

ಮೊದಲು ನಿರಾಸೆಯ ಮಾತನ್ನೇ ಹೇಳಿಬಿಡುತ್ತೇನೆ. ಪಾತಿಸ್ರಿ, ಅಂದರೆ ಕೇಕ್‌ನಂಥ ತಿಂಡಿಗಳ ಅಂಗಡಿ ಎಂಬ ಫಲಕವಿರುವಲ್ಲಿ ಗಾಜಿನ ಕಪಾಟಿನಲ್ಲಿ ಕಾಣುವ ಬಹುಪಾಲು ತಿಂಡಿಗಳು ಅಮ್ಮನಿಗೆ ಆಗುವುದಿಲ್ಲ. ಒಳಗೆ ಕ್ರೀಮ್ ತುಂಬಿದ ಉದ್ದನೆಯ ತಿನಿಸಾದ ಎಕ್ಲೇರ್‌ನ ಹಿಟ್ಟನ್ನು ಹದಗೊಳಿಸುವುದೇ ಮೊಟ್ಟೆಯಿಂದ, 1910ರಲ್ಲಿ ಸೈಕಲ್ ಸ್ಪರ್ಧೆಯ ನೆನಪಿಗೆಂದು ಚಕ್ರದ ಆಕಾರದಲ್ಲಿ ರೂಪುಗೊಂಡ ಪ್ಯಾರಿಸ್-ಬ್ರೆಸ್ಟ್ ಕೂಡ ಅದೇ ಹಿಟ್ಟಿನದು. ಮ್ಯಾಕರಾನ್ ಎಂದರೆ ಬಾದಾಮಿ ಪುಡಿ, ಸಕ್ಕರೆ ಮತ್ತು ಮೊಟ್ಟೆಯ ಬಿಳಿ. ನೊರೆಯಂತೆ ಹಗುರವಾದ ಮೂಸ್‌ಗಳಲ್ಲಿ ಹಲವಕ್ಕೆ ಮೊಟ್ಟೆಯ ಜೊತೆಗೆ ಗಟ್ಟಿಗೊಳಿಸಲು ಪ್ರಾಣಿಜನ್ಯ ಜೆಲಾಟಿನ್ ಕೂಡ ಹಾಕಿರುತ್ತಾರೆ, ಅದು ಹೆಚ್ಚಾಗಿ ಹಂದಿಯದು. 1730ರಿಂದ ನಡೆಯುತ್ತಿರುವ ಸ್ತೊರೇರ್ ಅಂಗಡಿಯ ಪ್ರಸಿದ್ಧ ಬಾಬಾ ಎಂಬ ಕೇಕ್ ರಮ್ಮಿನಲ್ಲಿ ನೆನೆದದ್ದು. ಅದನ್ನು ಅಪ್ಪನೂ ಕೇಳಿಯೇ ತಿನ್ನಲಿ.

ಆದರೆ ಫ್ರಾನ್ಸಿನ ಸಿಹಿ ಪಾತಿಸ್ರಿಯಲ್ಲಿಯೇ ಮುಗಿಯುವುದಿಲ್ಲ. ಕಾನ್ಫಿಸ್ರಿ ಎಂಬುದು ಬೇರೆಯೇ ಬಗೆಯ ಅಂಗಡಿ, ಅಲ್ಲಿ ಸಕ್ಕರೆ ಪಾಕದ ತಿನಿಸುಗಳು ಮುಖ್ಯ, ಮತ್ತು ನಿಮ್ಮ ಅಮ್ಮನನ್ನು ನೀವು ಮೊದಲು ಕರೆದೊಯ್ಯಬೇಕಾದದ್ದು ಅಲ್ಲಿಗೆ. ಫೊಬೂರ್ ಮೋಮಾರ್ತ್ರ್ ಬೀದಿಯಲ್ಲಿ 1761ರಲ್ಲಿ ಆರಂಭವಾದ 'ಆ ಲಾ ಮೇರ್ ದ ಫಮೀಯ್' ಅಂಥ ಅಂಗಡಿ. ಅಲ್ಲಿ 'ಪಾತ್ ದ ಫ್ರುಯಿ' ಕೇಳಿ. ಹಣ್ಣಿನ ತಿರುಳನ್ನು ಸಕ್ಕರೆ ಮತ್ತು ಹಣ್ಣಿನದೇ ಪೆಕ್ಟಿನ್ ಎಂಬ ಗಟ್ಟಿಗೊಳಿಸುವ ಅಂಶ ಸೇರಿಸಿ ಗಟ್ಟಿಯಾಗುವವರೆಗೆ ಕಾಯಿಸಿ, ಚೌಕವಾಗಿ ಕತ್ತರಿಸಿ, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ನಮ್ಮ ಮಾಂಬಳವನ್ನು ಬಿಸಿಲಿಗೆ ಬದಲಾಗಿ ಒಲೆಯ ಮೇಲೆ ಮಾಡಿದಂತೆ ಎಂದುಕೊಳ್ಳಿ. ಅದರಲ್ಲಿ ಮೊಟ್ಟೆಯಿಲ್ಲ, ಸಂಪ್ರದಾಯದ ಕ್ರಮದಲ್ಲಿ ಜೆಲಾಟಿನ್ ಕೂಡ ಇಲ್ಲ. ಸಕ್ಕರೆ ಪಾಕದಲ್ಲಿ ದಿನಗಟ್ಟಲೆ ನೆನೆದ ಚೆಸ್ಟ್‌ನಟ್, ಅಂದರೆ ಮಾರೋನ್ ಗ್ಲಾಸೆ ಕೂಡ ಸಲ್ಲುತ್ತದೆ, ಆದರೆ ಅದು ಚಳಿಗಾಲದ ತಿನಿಸು. ಎಕ್ಸ್ ಊರಿನ ಕ್ಯಾಲಿಸೋನ್ ಮತ್ತು ಮೋಂತೆಲಿಮಾರ್‌ನ ನುಗಾ ಶುದ್ಧ ಬಾದಾಮಿಯ ಮಿಠಾಯಿಯಂತೆ ಕಂಡರೂ ಎರಡರಲ್ಲಿಯೂ ಮೊಟ್ಟೆಯ ಬಿಳಿಯಿದೆ, ಮೋಸಹೋಗಬೇಡಿ.

ಕೇಳುವ ವಿಚಾರಕ್ಕೆ ಬಂದರೆ, ಯುರೋಪಿನ ನಿಯಮದಂತೆ 14 ಬಗೆಯ ಅಲರ್ಜಿಕಾರಕ ಪದಾರ್ಥಗಳ ಮಾಹಿತಿಯನ್ನು ಅಂಗಡಿಯವರು ಒದಗಿಸಲೇಬೇಕು. ಮೊಟ್ಟೆ ಆ ಪಟ್ಟಿಯಲ್ಲಿದೆ. ಜೆಲಾಟಿನ್ ಮತ್ತು ಮದ್ಯ ಅದರಲ್ಲಿಲ್ಲವಾದ್ದರಿಂದ ಅವೆರಡನ್ನು ಬಾಯಿಬಿಟ್ಟು ಕೇಳಬೇಕು. ಫ್ರೆಂಚ್‌ನಲ್ಲಿ ಒಂದು ಚೀಟಿ ಬರೆದುಕೊಂಡು ಹೋಗಿ, ಮತ್ತು ಒಳಗೆ ಕಾಲಿಟ್ಟೊಡನೆ 'ಬೋಂಜೂರ್', ಅಂದರೆ ನಮಸ್ಕಾರ, ಎನ್ನಿ. ಅದನ್ನು ಹೇಳದೆ ನೇರವಾಗಿ ವಿಚಾರಿಸುವುದನ್ನು ಅಲ್ಲಿ ಅಗೌರವವೆಂದು ಭಾವಿಸುತ್ತಾರೆ.

ಉತ್ತರ: ಬೇಕರಿ ಕೆಲಸದವನು, ಕಂಕನಾಡಿ

ಮೇಲಿನವರು ಬೆಣ್ಣೆಯ ಪದರಗಳ ತಿನಿಸಾದ ಕ್ರೋಸಾನ್ ಬಗ್ಗೆ ಹೇಳದೆ ಬಿಟ್ಟಿದ್ದಾರೆ, ನಾನು ದಿನವೂ ಮಾಡುವುದು ಅದನ್ನೇ ಆದ್ದರಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ ಚಿರೋಟಿ ಮಾಡಿ ಗೊತ್ತಿದ್ದರೆ ಇದು ಕೂಡಲೇ ಅರ್ಥವಾಗುತ್ತದೆ. ಚಿರೋಟಿಯಲ್ಲಿ ನಾವು ಹಾಳೆಗಳ ನಡುವೆ ತುಪ್ಪ ಮತ್ತು ಅಕ್ಕಿಹಿಟ್ಟಿನ ಸಾಟಿ ಸವರುತ್ತೇವೆ. ಕ್ರೋಸಾನ್ ಮಾಡುವವರು ತಣ್ಣನೆಯ ಬೆಣ್ಣೆಯ ಹಲಗೆಯನ್ನೇ ಹಿಟ್ಟಿನೊಳಗಿಟ್ಟು, ಮೂರು ಮಡಿಕೆಯಂತೆ ಮೂರು ಸಲ ಮಡಿಸಿ ಲಟ್ಟಿಸಿ, ಬೆಣ್ಣೆಯ 27 ಪದರಗಳನ್ನು ತರುತ್ತಾರೆ. ಒಲೆಯಲ್ಲಿ ಬೆಣ್ಣೆಯೊಳಗಿನ ನೀರಿನಂಶ ಆವಿಯಾಗಿ ಪದರಗಳನ್ನು ಎತ್ತುತ್ತದೆ. ನಮ್ಮೂರಿನ ಸೆಖೆಗೆ ಬೆಣ್ಣೆ ಕರಗಿ ಹಿಟ್ಟಿಗೆ ಇಳಿದುಬಿಡುವುದರಿಂದ ನಾನು ಎ.ಸಿ. ಕೋಣೆಯಲ್ಲಿ ಬೆಳಗಿನ ಜಾವವೇ ಲಟ್ಟಿಸಿ ಮುಗಿಸುತ್ತೇನೆ.

ಆ ಹಿಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಆದರೆ ಹೊಳಪಿಗಾಗಿ ಮೇಲ್ಮೈಗೆ ಮೊಟ್ಟೆ ಬಳಿಯುತ್ತಾರೆ. ಈ ಸಣ್ಣ ಸಂಗತಿಯನ್ನು ಅಮ್ಮನಿಂದ ಮುಚ್ಚಿಡುವುದು ಸರಿಯಲ್ಲ. ಅದರ ಬದಲು 'ಪಾಮಿಯೆ' ವಿಚಾರಿಸಿ. ಅದೇ ರೀತಿಯ ಪದರದ ಹಿಟ್ಟನ್ನು ಸಕ್ಕರೆಯಲ್ಲಿ ಸುತ್ತಿ ಬೇಯಿಸಿದ್ದು, ಅದರ ಹೊಳಪು ಕರಗಿದ ಸಕ್ಕರೆಯದು. ಬಗೆತ್ ಬ್ರೆಡ್ಡಿನಲ್ಲಂತೂ ಹಿಟ್ಟು, ನೀರು, ಉಪ್ಪು, ಯೀಸ್ಟ್ ಇಷ್ಟೇ. ಎರಡನ್ನೂ 'ಬುಲಾಂಜ್ರಿ', ಅಂದರೆ ಬ್ರೆಡ್ ಅಂಗಡಿ, ಎಂಬ ಫಲಕವಿರುವಲ್ಲಿ ಕೊಳ್ಳಿ, ಏಕೆಂದರೆ 1998ರ ಕಾನೂನಿನಂತೆ ಬ್ರೆಡ್ಡನ್ನು ಅಲ್ಲಿಯೇ ನಾದಿ ಬೇಯಿಸುವವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು.

ಉತ್ತರ: ಮಣಿಪಾಲ

ಪ್ಯಾರಿಸ್‌ನಲ್ಲಿ 'ಲ್ಯಾಂಡ್ ಅಂಡ್ ಮಂಕೀಸ್' ಎಂಬ ಬೇಕರಿಯಿದೆ, ಅವರು ಮೊಟ್ಟೆಯನ್ನೂ ಹಾಲನ್ನೂ ಬಳಸುವುದಿಲ್ಲ. ಅಮ್ಮನಿಗೆ ಕ್ರೋಸಾನ್ ತಿನ್ನಲೇಬೇಕೆನಿಸಿದರೆ ಅಲ್ಲಿ ಸಂಕೋಚವಿಲ್ಲದೆ ತಿನ್ನಬಹುದು. ಊರಿಗೆ ತರುವುದಾದರೆ ಹಣ್ಣಿನ ಮಿಠಾಯಿಯನ್ನೇ ತನ್ನಿ, ಆದರೆ ಮಳೆಗಾಲದಲ್ಲಿ ಅದರ ಸಕ್ಕರೆ ಬೇಗ ನೀರೊಡೆಯುವುದರಿಂದ ಬಂದ ದಿನವೇ ಬಿಗಿಯಾದ ಡಬ್ಬಿಗೆ ಹಾಕಿಡಿ.

ಪ್ರಶ್ನೆ ಕೇಳಿದವರು: ಕುಂಜಿಬೆಟ್ಟು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಉತ್ತರಗಳನ್ನು ಅಮ್ಮನಿಗೆ ಓದಿ ಹೇಳಿದೆ. ಮಾಂಬಳದ ಮಾತು ಬಂದಾಗ ಅವರು ಎದ್ದು ಹೋಗಿ ಡಬ್ಬಿ ತೆರೆದು ನೋಡಿ, ಕಳೆದ ವರ್ಷದ ಹಲಸಿನ ಮಾಂಬಳ ಇನ್ನೂ ಒಂದು ಸುರುಳಿ ಉಳಿದಿದೆ, ಆ ಅಂಗಡಿಯವರಿಗೆ ರುಚಿ ನೋಡಲು ಒಯ್ಯೋಣ ಎಂದರು.