ಚಳಿಗಾಲದ ಮಂಕು ಮತ್ತು ಕುಡಿತ: ಯಾವುದನ್ನು ಮೊದಲು ಸರಿ ಮಾಡಬೇಕು?

ಹಾಸನದವ:
ಎಲ್ಲರಿಗೂ ನಮಸ್ಕಾರ. ಸ್ಟಾಕ್‌ಹೋಮ್‌ಗೆ ಬಂದು ಇದು ನನ್ನ ಮೂರನೇ ಚಳಿಗಾಲ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 8:45ರ ಹೊತ್ತಿಗೆ, ಮುಳುಗುವುದು ಮೂರಕ್ಕೂ ಮೊದಲೇ. ಅಮ್ಮ ಊರಿಂದ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತಾರೆ. ನನಗೆ ಆಗ ಮಧ್ಯಾಹ್ನ ಮೂರೂವರೆ. ಎರಡೂ ಕಡೆ ಕತ್ತಲೆ.

ಮೊದಲ ವರ್ಷ, ಹೊಸ ಜಾಗ ಅಲ್ವಾ, ಅದಕ್ಕೇ ಹೀಗೆ ಅಂದುಕೊಂಡೆ. ಎರಡನೇ ವರ್ಷ ಅಕ್ಟೋಬರ್ ಕೊನೆಗೆ ಮತ್ತೆ ಅದೇ ಶುರುವಾಯಿತು. ಹತ್ತು ಗಂಟೆ ಮಲಗಿದರೂ ಏಳಲು ಆಗುತ್ತಿರಲಿಲ್ಲ. ಅನ್ನ, ಬ್ರೆಡ್, ಸಿಹಿ ಎಷ್ಟು ತಿಂದರೂ ಸಾಲದು. ಗೆಳೆಯರ ಫೋನ್ ಎತ್ತಲೂ ಮನಸ್ಸಿಲ್ಲ. ಏಪ್ರಿಲ್‌ನಲ್ಲಿ ತಾನಾಗೇ ಹೋಯಿತು. ಈಗ ಮತ್ತೆ ಬಂದಿದೆ.

ಹೇಳಲು ಕಷ್ಟವಾಗುತ್ತಿರುವುದು ಕುಡಿತದ ವಿಷಯ. ಊರಲ್ಲಿದ್ದಾಗ ವರ್ಷಕ್ಕೆ ಒಂದೆರಡು ಸಲ, ಅಷ್ಟೇ. ಇಲ್ಲಿ ಸಂಜೆ ಮಂಕು ಕವಿದಾಗ ಒಂದು ಗ್ಲಾಸ್ ವೈನ್ ಹೊಟ್ಟೆಗೆ ಬಿದ್ದರೆ ಸ್ವಲ್ಪ ಜೀವ ಬಂದ ಹಾಗಾಗುತ್ತಿತ್ತು. ಸರ್ಕಾರದ ಮದ್ಯದಂಗಡಿ ಶನಿವಾರ ಮಧ್ಯಾಹ್ನವೇ ಮುಚ್ಚುತ್ತದೆ, ಭಾನುವಾರ ರಜೆ. ಅದಕ್ಕೆ ಶುಕ್ರವಾರವೇ ಮೂರು ಲೀಟರಿನ ಡಬ್ಬಿ ತರಲು ಶುರು ಮಾಡಿದೆ. ರಟ್ಟಿನ ಡಬ್ಬಿ, ಚಿಕ್ಕ ನಲ್ಲಿ ಇರುತ್ತದೆ. ಎಷ್ಟು ಖಾಲಿಯಾಯಿತು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಹೋದ ಭಾನುವಾರ ಹೆಂಡತಿ ಅದನ್ನು ಕೈಯಲ್ಲಿ ಎತ್ತಿ ನೋಡಿದಳು. ಹಗುರವಾಗಿತ್ತು. ಏನೂ ಅನ್ನಲಿಲ್ಲ, ಸುಮ್ನೆ ವಾಪಸ್ ಇಟ್ಟಳು.

ಬೆಳಕಿನ ಚಿಕಿತ್ಸೆಯ ದೀಪ ತೆಗೆದುಕೊಂಡು ಅದರ ಮುಂದೆ ಕೂತರೆ ಮಂಕು ಹೋಗುತ್ತದೆ ಅನ್ನುತ್ತಾರೆ. ಮಂಕು ಹೋದರೆ ಕುಡಿತವೂ ನಿಲ್ಲುತ್ತದಾ?

ಉಮೆಯೊ ಸಾಗರದವಳು:
ನಾನು ಉಮೆಯೊದಲ್ಲಿದ್ದೇನೆ, ನಿಮ್ಮಿಂದ ಉತ್ತರಕ್ಕೆ, ರಸ್ತೆಯಲ್ಲಿ ಬಂದರೆ ಆರುನೂರು ಕಿಲೋಮೀಟರಿಗೂ ಹೆಚ್ಚು. ಡಿಸೆಂಬರ್‌ನಲ್ಲಿ ನಾಲ್ಕೂವರೆ ಗಂಟೆ ಹಗಲು. 2012ರಲ್ಲಿ ಇಲ್ಲಿಯ ಬಸ್ ನಿಲ್ದಾಣಗಳಲ್ಲೇ ಬೆಳಕಿನ ಚಿಕಿತ್ಸೆಯ ದೀಪ ಹಾಕಿದ್ದರು. ಇಲ್ಲೇ ಹುಟ್ಟಿ ಬೆಳೆದವರಿಗೂ ಆಗುವ ತೊಂದರೆ ಇದು. ಇದಕ್ಕೆ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್, ಅಂದರೆ ಋತುಮಾನದ ಖಿನ್ನತೆ, ಅಂತ ಹೆಸರು ಕೊಟ್ಟು 1984ರಲ್ಲಿ ಬರೆದ ತಂಡದ ಮನೋವೈದ್ಯ ನಾರ್ಮನ್ ರೋಸೆಂತಾಲ್ ಕೂಡ ದಕ್ಷಿಣ ಆಫ್ರಿಕಾದ ಬಿಸಿಲಿನಿಂದ ನ್ಯೂಯಾರ್ಕ್‌ಗೆ ಬಂದ ಮೇಲೆ ಚಳಿಗಾಲದಲ್ಲಿ ಕುಗ್ಗಿದವರೇ. ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ತಾನಾಗಿ ನಿಲ್ಲುವುದಿಲ್ಲ. ನನಗೂ ಚಳಿಗಾಲದ ಕುಡಿತ ಇತ್ತು. ಏಪ್ರಿಲ್‌ನಲ್ಲಿ ಮನಸ್ಸು ಹಗುರವಾದಾಗ ಎಲ್ಲ ಸರಿಹೋಯಿತು ಅಂದುಕೊಂಡೆ. ಜೂನ್‌ನಲ್ಲಿ ಇಲ್ಲಿ ರಾತ್ರಿ ಹತ್ತಾದರೂ ಬಿಸಿಲು. ಆ ಬಿಸಿಲಲ್ಲೂ ಗ್ಲಾಸ್ ಕೈಯಲ್ಲೇ ಇತ್ತು. ಇದು ಅರ್ಥವಾಗಲು ನನಗೆ ಮೂರು ವರ್ಷ ಬೇಕಾಯಿತು. ನಿಮಗೆ ಅಷ್ಟು ತಡವಾಗಬಾರದು.

ಕುಡಿದರೆ ಬೇಗ ನಿದ್ದೆ ಬರುತ್ತದೆ, ನಿಜ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಒಡೆಯುತ್ತದೆ. ಮಾರನೆಯ ದಿನ ಮಂಕು ಜಾಸ್ತಿ, ಸಂಜೆ ಮತ್ತೆ ಬೇಕು ಅನ್ನಿಸುತ್ತದೆ. ಅದಕ್ಕೇ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ನಾನು 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಪ್ರಖರತೆಯ ಅಳತೆ) ದೀಪ ತೆಗೆದುಕೊಂಡೆ. ಎದ್ದ ಕೂಡಲೇ ಅರ್ಧ ಗಂಟೆ ಅದರ ಮುಂದೆ ಕೂತು ಕಾಫಿ ಕುಡಿಯುತ್ತೇನೆ, ಪೇಪರ್ ಓದುತ್ತೇನೆ. ದೀಪವನ್ನು ದಿಟ್ಟಿಸಿ ನೋಡಬಾರದು. ಕಣ್ಣಿನ ಕಾಯಿಲೆ ಇದ್ದರೆ, ಬೈಪೋಲಾರ್ (ಮನಸ್ಸು ಒಮ್ಮೆ ತೀರಾ ಏರಿ ಒಮ್ಮೆ ತೀರಾ ಕುಗ್ಗುವ ಕಾಯಿಲೆ) ಇದ್ದರೆ ಮೊದಲು ವೈದ್ಯರನ್ನು ಕೇಳಲೇಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಹೊರಗೆ ನಡೆಯಿರಿ. ಮೋಡ ಇದ್ದರೂ ಹೊರಗಿನ ಬೆಳಕು ಆಫೀಸಿನ ಬೆಳಕಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಸ್ವೀಡನ್ನಿನ ಆರೋಗ್ಯ ಸಲಹೆಯ ಸಂಖ್ಯೆ 1177ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋಗಿ. ಎರಡನ್ನೂ ಹೇಳಿ. ನಾನು ಮೊದಲ ಸಲ ಮಂಕು ಮಾತ್ರ ಹೇಳಿ, ಕುಡಿತ ಮುಚ್ಚಿಟ್ಟು ಒಂದು ವರ್ಷ ಕಳೆದುಕೊಂಡೆ. ಕುಡಿಯಬೇಕೆಂಬ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳಿವೆ. ಇನ್ನೊಂದು ಮಾತು. ದಿನವೂ ಜಾಸ್ತಿ ಕುಡಿಯುತ್ತಿದ್ದು, ಬೆಳಗ್ಗೆ ಕೈ ನಡುಗುವುದು, ಬೆವರುವುದು ಇದ್ದರೆ ಒಮ್ಮೆಲೇ ಬಿಡಬೇಡಿ. ಫಿಟ್ಸ್ ಬರಬಹುದು. ವೈದ್ಯರನ್ನು ಕೇಳಿಯೇ ಬಿಡಿ.

ತೀರ್ಥಹಳ್ಳಿ ತೋಟ:
ನಮ್ಮಲ್ಲಿ ಜೂನ್, ಜುಲೈನಲ್ಲಿ ಹಗಲು ಉದ್ದವೇ. ಆದರೆ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಮೇಲೆ ಅಡಿಕೆಗೆ ಕೊಳೆ ರೋಗದ ಚಿಂತೆ. ನಮ್ಮ ಚಿಕ್ಕಪ್ಪ ಮಳೆಗಾಲದಲ್ಲಿ ಮಾತ್ರ ಕುಡಿಯುತ್ತಾರೆ ಅಂತ ಮನೆಯವರೆಲ್ಲ ಹೇಳುತ್ತಿದ್ದೆವು. ಒಂದು ವರ್ಷ ದೀಪಾವಳಿ ಬಂದರೂ ನಿಲ್ಲಲಿಲ್ಲ. ಅಕ್ಕ ಹೇಳಿದ್ದು ಓದಿ ಅದೇ ನೆನಪಾಯಿತು. ಊರಲ್ಲಿರುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ, ನಿಮ್ಮ ಮನೆಯವರ ಹತ್ತಿರ ಮಾತಾಡಿ. ಡಬ್ಬಿ ಎತ್ತಿ ನೋಡಿದವರಿಗೆ ಎಲ್ಲ ಗೊತ್ತಿರುತ್ತದೆ.

ಹಾಸನದವ:
ನಿನ್ನೆ ರಾತ್ರಿ ಅವಳಿಗೆ ಹೇಳಿದೆ. ಅತ್ತಳು. ಎರಡು ತಿಂಗಳಿಂದ ದಿನಾ ಎತ್ತಿ ನೋಡುತ್ತಿದ್ದಳಂತೆ. ಬೆಳಗ್ಗೆ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಫೋನ್ ಮಾಡಿದೆ, ಗುರುವಾರಕ್ಕೆ ವೈದ್ಯರ ಸಮಯ ಸಿಕ್ಕಿದೆ. ಕೈ ನಡುಗುವುದಿಲ್ಲ, ಆದರೂ ಅದನ್ನೂ ಕೇಳುತ್ತೇನೆ. ಅಕ್ಕಾ, ದೀಪ ಎಷ್ಟು ದೂರ ಇಡಬೇಕು?

ಉಮೆಯೊ ಸಾಗರದವಳು:
10,000 ಲಕ್ಸ್ ಎಷ್ಟು ದೂರದಲ್ಲಿ ಸಿಗುತ್ತದೆ ಅಂತ ದೀಪದ ಜೊತೆ ಬರುವ ಚೀಟಿಯಲ್ಲಿ ಬರೆದಿರುತ್ತಾರೆ. ನನ್ನದು ಒಂದಡಿ. ಊಟದ ಮೇಜಿನ ಮೇಲೇ ಇಡಿ, ಇಬ್ಬರೂ ಕೂತುಕೊಳ್ಳಬಹುದು. ಗುರುವಾರ ಹೋಗಿ ಬಂದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.