ಫಿಸಿಯೋ ಕ್ಲಿನಿಕ್ಕಿನ ಕೈಬರಹದ ನೋಟ್ಸ್ ಕಂಪ್ಯೂಟರಿಗೆ: ಪ್ರಶ್ನೋತ್ತರ

ಪ್ರಶ್ನೆ (ಫಿಸಿಯೋಥೆರಪಿಸ್ಟ್, ದಾವಣಗೆರೆ): ಇಬ್ಬರು ಥೆರಪಿಸ್ಟ್, ಒಬ್ಬರು ರಿಸೆಪ್ಷನಿಸ್ಟ್ ಇರುವ ಸಣ್ಣ ಕ್ಲಿನಿಕ್. ದಿನಕ್ಕೆ 30-35 ಪೇಷಂಟ್. ಕಪಾಟಿನಲ್ಲಿ ಹತ್ತಿರ ಹತ್ತಿರ 3,000 ಫೈಲ್ ಇವೆ, ಒಂದೊಂದರಲ್ಲಿ ಏಳೆಂಟು ಹಾಳೆ. ಬರುವ ತಿಂಗಳಿಂದ ನೋಟ್ಸ್ ಎಲ್ಲ ಕಂಪ್ಯೂಟರಿನಲ್ಲೇ ಬರೆಯಬೇಕೆಂದಿದ್ದೇವೆ. ಹಳೆಯದನ್ನೆಲ್ಲ ಮೊದಲು ಸ್ಕ್ಯಾನ್ ಮಾಡಿಸಿ ಆಮೇಲೆ ಶುರು ಮಾಡೋದಾ? ಸಾಫ್ಟ್‌ವೇರ್ ಕೊಳ್ಳುವ ತನಕ ಎಕ್ಸೆಲ್ ಸಾಕಾ?

ಉತ್ತರ (ಆಸ್ಪತ್ರೆಯೊಂದರ ದಾಖಲೆ ವಿಭಾಗದವರು): ಸ್ಕ್ಯಾನಿಂಗ್ ಮೊದಲು ಬೇಡ. ಲೆಕ್ಕ ಹಾಕಿ ನೋಡಿ: 3,000 ಫೈಲ್, ತಲಾ 8 ಹಾಳೆ, ಒಟ್ಟು 24,000. ನಿಮಿಷಕ್ಕೆ 25 ಹಾಳೆ ಎಳೆಯುವ ಸ್ಕ್ಯಾನರಿಗೆ ಅದು ಬರೀ 16 ಗಂಟೆಯ ಕೆಲಸ. ಸಮಯ ನುಂಗುವುದು ಸ್ಕ್ಯಾನರ್ ಅಲ್ಲ. ಸ್ಟೇಪಲ್ ಪಿನ್ನು ಕೀಳಬೇಕು, ನಾಲ್ಕು ಮಡಿಕೆಯ ರೆಫರಲ್ ಚೀಟಿ ಬಿಡಿಸಬೇಕು, ಪ್ರತಿ ಫೈಲಿಗೂ ಹೆಸರು ಕೊಟ್ಟು ಸರಿಯಾದ ಪೇಷಂಟಿಗೆ ಜೋಡಿಸಬೇಕು. ಫೈಲಿಗೆ ಮೂರೇ ನಿಮಿಷ ಅಂದರೂ 150 ಗಂಟೆ. ಅಷ್ಟು ಮಾಡಿದ ಮೇಲೂ ಆ ಫೈಲುಗಳಲ್ಲಿ ಹೆಚ್ಚಿನವನ್ನು ಯಾರೂ ತೆರೆಯುವುದಿಲ್ಲ.

ಬದಲಿಗೆ ಒಂದು ದಿನಾಂಕ ಗೊತ್ತು ಮಾಡಿ. ಅವತ್ತಿನಿಂದ ಹೊಸ ಪೇಷಂಟ್‌ಗಳೆಲ್ಲ ನೇರ ಕಂಪ್ಯೂಟರಿಗೆ. ಈಗ ಚಿಕಿತ್ಸೆ ನಡೆಯುತ್ತಿರುವವರನ್ನು ಮರುಪರೀಕ್ಷೆಯ ದಿನ ದಾಟಿಸಿ, ಅಥವಾ ಕಾಗದದಲ್ಲೇ ಮುಗಿಸಿ. ಆರನೇ ಸೆಷನ್ ಕಾಗದದಲ್ಲಿ, ಏಳನೆಯದು ಪರದೆಯಲ್ಲಿ, ಎಂಟನೆಯದು ಕರೆಂಟ್ ಇಲ್ಲವೆಂದು ಮತ್ತೆ ಕಾಗದದಲ್ಲಿ ಆದರೆ ಮುಂದೆ ಯಾರಿಗೂ ಪೂರ್ತಿ ಕಥೆ ಸಿಗುವುದಿಲ್ಲ.

ಹಳೆ ಪೇಷಂಟ್ ತಿರುಗಿ ಬಂದರೆ ಆ ದಿನವೇ ಒಂದು ಸಾರಾಂಶ ನಮೂದು ಮಾಡಿ: ರೋಗನಿರ್ಣಯ, ಎಡವೋ ಬಲವೋ, ಆಪರೇಷನ್ ಆಗಿದ್ದರೆ ದಿನಾಂಕ, ಕೊನೆಯ ಅಳತೆಗಳು, ಮತ್ತು ಮುಖ್ಯವಾಗಿ ಎಚ್ಚರಿಕೆಗಳು, ಅಂದರೆ ಪೇಸ್‌ಮೇಕರ್, ಒಳಗಿರುವ ರಾಡು-ಪ್ಲೇಟು, ಗರ್ಭ, ಕ್ಯಾನ್ಸರ್, ರಕ್ತ ತೆಳುವಾಗಿಸುವ ಮಾತ್ರೆ. ಸ್ಕ್ಯಾನ್ ಮಾಡಬೇಕಾದದ್ದು ಮೊದಲ ಅಸೆಸ್‌ಮೆಂಟ್, ರೆಫರಲ್ ಚೀಟಿ, ಒಪ್ಪಿಗೆ ಪತ್ರ, ಇಷ್ಟೇ. ಅಚ್ಚಾದ ಹಾಳೆಗೆ 200 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಗ್ರೇ ಸಾಕು. ಕೆಂಪು-ನೀಲಿ ಪೆನ್ನಿನಲ್ಲಿ ಗುರುತು ಹಾಕಿದ ಬಾಡಿ ಚಾರ್ಟಿಗೆ (ನೋವಿನ ಜಾಗ ತೋರಿಸುವ ದೇಹದ ಚಿತ್ರ) 300 ಡಿಪಿಐ ಕಲರ್ ಬೇಕು, ಇಲ್ಲದಿದ್ದರೆ ನೋವು ಯಾವುದು, ಜೋಮು ಯಾವುದು ತಿಳಿಯದು. ಥರ್ಮಲ್ ಕಾಗದದ ಪ್ರಿಂಟ್ ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಮಾಡಿ, ಬಿಸಿಲಿಗೆ ಮಾಸಿಹೋಗುತ್ತದೆ. ಕೊನೆಗೆ ಕಾಗದದ ಫೈಲಿನ ಮೇಲೆ ದಿನಾಂಕ ಹಾಕಿ "ಮುಂದಿನ ದಾಖಲೆ ಕಂಪ್ಯೂಟರಿನಲ್ಲಿ" ಎಂದು ಸೀಲು ಒತ್ತಿ. ಆ ಸೀಲಿಲ್ಲದ ಫೈಲಿನಲ್ಲಿ ಯಾರಾದರೊಬ್ಬರು ಗೀಚಿಯೇ ಗೀಚುತ್ತಾರೆ.

ಉತ್ತರ (ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ): ಎಕ್ಸೆಲ್ ಬಗ್ಗೆ. ಅಪಾಯಿಂಟ್‌ಮೆಂಟ್ ಪಟ್ಟಿಗೆ ಇಟ್ಟುಕೊಳ್ಳಿ, ಕ್ಲಿನಿಕಲ್ ನೋಟ್ಸಿಗೆ ಬೇಡವೇ ಬೇಡ. ಸ್ನಾಯುಬಲ 3/5 ಎಂದು ಟೈಪ್ ಮಾಡಿ ಎಂಟರ್ ಒತ್ತಿ: ನಮ್ಮ ದೇಶದ ಸೆಟ್ಟಿಂಗಿನಲ್ಲಿ ಅದು ಮೇ 3 ಆಗುತ್ತದೆ. ನೋವು 7/10 ಅಂದರೆ ಅಕ್ಟೋಬರ್ 7. ಮೊಣಕಾಲಿನ ಚಲನೆ 5-90 ಎಂದು ಬರೆದರೆ 1990ರ ಮೇ ತಿಂಗಳು! ಆಮೇಲೆ ಸೆಲ್ಲನ್ನು ಟೆಕ್ಸ್ಟ್‌ಗೆ ಬದಲಿಸಿದರೂ ನಿಮ್ಮ ಅಳತೆ ಮರಳಿ ಬರುವುದಿಲ್ಲ, ಐದಂಕಿಯ ಯಾವುದೋ ಸಂಖ್ಯೆ ಕೂತಿರುತ್ತದೆ. ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟರೆ ಈ ಕಾಟ ತಪ್ಪುತ್ತದೆ. ಆದರೆ ಹೆಸರಿನ ಕಾಲಮ್ ಒಂದನ್ನೇ ಯಾರಾದರೂ ಸಾರ್ಟ್ ಮಾಡಿದರೆ ಒಬ್ಬರ ನೋಟ್ಸ್ ಇನ್ನೊಬ್ಬರ ಹೆಸರಿನ ಮುಂದೆ ಕೂರುತ್ತದೆ. ಯಾರು, ಯಾವಾಗ, ಏನು ತಿದ್ದಿದರೆಂಬ ಜಾಡೂ ಉಳಿಯುವುದಿಲ್ಲ.

ಮರುಪ್ರಶ್ನೆ: ಸರಿ, ಸಾಫ್ಟ್‌ವೇರೇ ತಗೊಳ್ತೇವೆ. ಆದರೆ ಕೈಯಲ್ಲಾದರೆ ಎರಡು ನಿಮಿಷಕ್ಕೆ ಗೀಚಿ ಮುಗಿಸುತ್ತಿದ್ದೆವು. ಟೈಪ್ ಮಾಡುತ್ತ ಕೂತರೆ ಪೇಷಂಟ್ ಮುಖ ನೋಡುವುದು ಯಾವಾಗ? ಹಿಂದಿನ ಸೆಷನ್ ಕಾಪಿ ಮಾಡುವ ಬಟನ್ ಇದೆಯಂತೆ, ಅದನ್ನು ಬಳಸಬಹುದಾ?

ಉತ್ತರ (ಹುಬ್ಬಳ್ಳಿ): ಆ ಬಟನ್ನೇ ಈ ಇಡೀ ಬದಲಾವಣೆಯ ದೊಡ್ಡ ಅಪಾಯ. ಕಾಗದದಲ್ಲಿ ಸೋಮಾರಿತನಕ್ಕೆ "ಮೇಲಿನಂತೆ" ಎಂದು ಬರೆಯುತ್ತಿದ್ದೆವು, ಓದಿದವರಿಗೆ ಸೋಮಾರಿತನ ಅಂತಲೇ ಕಾಣುತ್ತಿತ್ತು. ಕಾಪಿ ಮಾಡಿದ ನೋಟ್ಸ್ ಹಾಗಲ್ಲ, ಪೂರ್ತಿ ಪರೀಕ್ಷೆ ಮಾಡಿದಂತೆ ಕಾಣುತ್ತದೆ. ಮಂಡಿ ಆಪರೇಷನ್ ಆದ 18ನೇ ದಿನದ ಫ್ಲೆಕ್ಷನ್ (ಮಂಡಿ ಮಡಚುವ ಕೋನ) 82 ಡಿಗ್ರಿ 30ನೇ ದಿನಕ್ಕೂ 82 ಇದ್ದರೆ ಸರ್ಜನ್ ಮಂಡಿ ಬಿಗಿಯುತ್ತಿದೆ ಎಂದುಕೊಳ್ಳುತ್ತಾರೆ. ಅಸಲಿಗೆ ಗೋನಿಯೋಮೀಟರ್ (ಕೋನ ಅಳೆಯುವ ಸಾಧನ) ಹಿಡಿದೇ ಇರುವುದಿಲ್ಲ.

ನಿಯಮ ಹೀಗಿಟ್ಟುಕೊಳ್ಳಿ: ಚಿಕಿತ್ಸಾ ಯೋಜನೆ, ವ್ಯಾಯಾಮದ ಪಟ್ಟಿ, ಯಂತ್ರದ ಸೆಟ್ಟಿಂಗ್ ಕಾಪಿ ಆಗಬಹುದು. ಪೇಷಂಟ್ ಹೇಳಿದ್ದು ಮತ್ತು ನೀವು ಅಳೆದದ್ದು ಪ್ರತಿ ಸಲ ಖಾಲಿಯಾಗಿಯೇ ತೆರೆದುಕೊಳ್ಳಬೇಕು. ಅವತ್ತು ಅಳೆಯದಿದ್ದರೆ ಖಾಲಿ ಬಿಡಿ, ಖಾಲಿ ಜಾಗ ಸುಳ್ಳು ಹೇಳುವುದಿಲ್ಲ. ಎಡ-ಬಲದ ಜಾಗದಲ್ಲಿ ಮೊದಲೇ ಯಾವುದೂ ಆಯ್ಕೆಯಾಗಿರಬಾರದು. "ಬಲ" ಎಂದು ತಾನಾಗಿ ಬಂದು ಕೂತರೆ ಅದನ್ನು ಯಾರೂ ತಿದ್ದುವುದಿಲ್ಲ.

ಮಂಡಿ ಬದಲಾವಣೆಯ (ಟಿಕೆಆರ್) ಪೇಷಂಟಿಗೆ ಒಂದು ಸೆಷನ್ ನೋಟ್ಸ್ ಇಷ್ಟಿದ್ದರೆ ಸಾಕು (ಆಕ್ಟಿವ್ ಅಂದರೆ ಪೇಷಂಟ್ ತಾನೇ ಮಡಚಿದ್ದು, ಪ್ಯಾಸಿವ್ ಅಂದರೆ ನಾವು ಮಡಚಿಸಿದ್ದು, ಲ್ಯಾಗ್ ಅಂದರೆ ತಾನಾಗಿ ನೇರ ಮಾಡಲಾಗದೆ ಉಳಿದ ಡಿಗ್ರಿ; ಹೀಲ್ ಸ್ಲೈಡ್, ಕ್ವಾಡ್ಸ್ ಸೆಟ್ ಮಂಡಿಯ ವ್ಯಾಯಾಮಗಳು):

"ಬಲ ಟಿಕೆಆರ್, 18ನೇ ದಿನ. ನೋವು ಕೂತಾಗ 3, ಮೆಟ್ಟಿಲು ಇಳಿಯುವಾಗ 6. ರಾತ್ರಿ ಎರಡು ಸಲ ಎಚ್ಚರ. ಫ್ಲೆಕ್ಷನ್ ಆಕ್ಟಿವ್ 82, ಪ್ಯಾಸಿವ್ 90. ಎಕ್ಸ್‌ಟೆನ್ಷನ್ ಲ್ಯಾಗ್ 10. ಗಾಯ ಒಣಗಿದೆ, ಮೀನಖಂಡದಲ್ಲಿ ಊತ-ನೋವಿಲ್ಲ. ಹೀಲ್ ಸ್ಲೈಡ್ 10ರಂತೆ 3, ಕ್ವಾಡ್ಸ್ ಸೆಟ್ 10 ಸೆಕೆಂಡ್ ಹಿಡಿತ, 15. ವಾಕರ್‌ನಲ್ಲಿ 40 ಮೀಟರ್. ಐಸ್ 10 ನಿಮಿಷ. ನಾಳೆ ಪ್ಯಾಸಿವ್ 95 ಗುರಿ."

ಇದರಲ್ಲಿ ಕೈಯಿಂದ ಟೈಪ್ ಮಾಡಬೇಕಾದದ್ದು ಅಂಕೆಗಳು ಮತ್ತು ರಾತ್ರಿ ಎಚ್ಚರವಾದ ಮಾತು ಅಷ್ಟೇ. ಎಡ-ಬಲ, ಗಾಯ, ಊತ ಪ್ರತಿ ಸಲ ನೀವೇ ಆರಿಸಬೇಕು, ಉಳಿದದ್ದು ಟೆಂಪ್ಲೇಟ್ (ಮೊದಲೇ ಸಿದ್ಧಮಾಡಿಟ್ಟ ನಮೂನೆ). ಟೆಂಪ್ಲೇಟ್ ಐದಕ್ಕಿಂತ ಹೆಚ್ಚು ಮಾಡಿಕೊಳ್ಳಬೇಡಿ: ಸೊಂಟ, ಕುತ್ತಿಗೆ, ಭುಜ, ಮಂಡಿ, ಪಾರ್ಶ್ವವಾಯು. 40 ಟೆಂಪ್ಲೇಟ್ ಇದ್ದರೆ ಹುಡುಕುವುದರಲ್ಲೇ ಸೆಷನ್ ಮುಗಿಯುತ್ತದೆ. ಯಂತ್ರದ ನಮೂದು "ಐಎಫ್‌ಟಿ ಕೊಡಲಾಗಿದೆ" (ನೋವಿಗೆ ಕೊಡುವ ವಿದ್ಯುತ್ ಚಿಕಿತ್ಸೆ) ಎಂದಷ್ಟೇ ಇದ್ದರೆ ಅದು ಬಿಲ್ಲು, ನೋಟ್ಸ್ ಅಲ್ಲ. ಅಲ್ಟ್ರಾಸೌಂಡ್ ಆದರೆ 1 ಮೆಗಾಹರ್ಟ್ಸೋ 3 ಮೆಗಾಹರ್ಟ್ಸೋ, ಚದರ ಸೆಂಟಿಮೀಟರಿಗೆ ಎಷ್ಟು ವ್ಯಾಟ್, ಪಲ್ಸ್ ಅನುಪಾತ, ಎಷ್ಟು ನಿಮಿಷ, ಯಾವ ಜಾಗ: ಐದೂ ಬೇಕು.

ಮುಖ ನೋಡುವ ಮಾತಿಗೆ: ಟೇಬಲ್ ಮೇಲಿನ ಡೆಸ್ಕ್‌ಟಾಪ್ ಬಿಟ್ಟು ಮಂಚದ ಪಕ್ಕಕ್ಕೆ ಟ್ಯಾಬ್ಲೆಟ್ ತನ್ನಿ. ಅಳೆದ ಕೂಡಲೇ ಅಂಕೆ ಒತ್ತಿ, ವಾಕ್ಯ ಬರೆಯುವುದನ್ನು ಪೇಷಂಟ್ ಐಸ್ ಪ್ಯಾಕ್‌ನಲ್ಲಿರುವ ಹತ್ತು ನಿಮಿಷಕ್ಕೆ ಬಿಡಿ. ಮೊದಲ ಎರಡು ವಾರ ದಿನಕ್ಕೆ ನಾಲ್ಕು ಪೇಷಂಟ್ ಕಡಿಮೆ ಬುಕ್ ಮಾಡಿ. ಇದನ್ನು ಮಾಡದ ಕಡೆ ನೋಟ್ಸ್ ರಾತ್ರಿಗೆ ಮುಂದೆ ಹೋಗುತ್ತದೆ, ರಾತ್ರಿ ನೆನಪಿನಿಂದ ಬರೆದದ್ದರಲ್ಲಿ ಎಡ-ಬಲ ಅದಲು ಬದಲು.

ಪ್ರಶ್ನೆ (ವಾಕ್ ಚಿಕಿತ್ಸಕರು, ಮೈಸೂರು): ಮನೆಯ ಅಭ್ಯಾಸದ ಹಾಳೆಗಳನ್ನು ಕನ್ನಡದಲ್ಲೇ ಕೊಡುತ್ತೇವೆ, ಎಲ್ಲವೂ ಹಳೆಯ "ನುಡಿ" ತಂತ್ರಾಂಶದ ಫಾಂಟಿನಲ್ಲಿವೆ. ಸಾಫ್ಟ್‌ವೇರಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತಿದೆ.

ಉತ್ತರ (ದಾಖಲೆ ವಿಭಾಗ): ಹಳೆ ನುಡಿ, ಬರಹ ಫಾಂಟುಗಳಲ್ಲಿ ಒಳಗೆ ಉಳಿದಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚುತ್ತದೆ. ಯುನಿಕೋಡ್ (ಎಲ್ಲ ಸಾಧನಗಳೂ ಓದುವ ಅಕ್ಷರ ಸಂಕೇತ) ಪರಿವರ್ತಕಕ್ಕೆ ಹಾಕಿ, ಆಮೇಲೆ ಕಣ್ಣಿಟ್ಟು ಓದಿ: ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಕಡೆ ಹೆಚ್ಚು ಎಡವುತ್ತದೆ, ಅಂಕೆಗಳನ್ನೂ ಒಮ್ಮೆ ನೋಡಿ. "ದಿನಕ್ಕೆ 3 ಸಲ" ಕೆಟ್ಟರೆ ಹಾಳೆ ಕೊಟ್ಟೂ ಪ್ರಯೋಜನವಿಲ್ಲ.

ಹೆಸರಿನ ವಿಷಯವನ್ನೂ ಈಗಲೇ ಸರಿಮಾಡಿಕೊಳ್ಳಿ. ಶ್ರೀನಿವಾಸ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಎಸ್-ಆರ್ ಎಂದು, ಇನ್ನೊಬ್ಬರು ಎಸ್-ಎಚ್-ಆರ್ ಎಂದು ಶುರು ಮಾಡುತ್ತಾರೆ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹೀಗೆ ಒಬ್ಬರಿಗೇ ಮೂರು ದಾಖಲೆ ಹುಟ್ಟುತ್ತವೆ, ಪೇಸ್‌ಮೇಕರ್ ಎಚ್ಚರಿಕೆ ಅವುಗಳಲ್ಲಿ ಒಂದರಲ್ಲಿ ಮಾತ್ರ ಇರುತ್ತದೆ. ಫೋನ್ ನಂಬರನ್ನು ಗುರುತಾಗಿ ನಂಬಬೇಡಿ, ಅಜ್ಜಿ-ಮಗ-ಮೊಮ್ಮಗಳಿಗೆ ಒಂದೇ ನಂಬರ್. ಕ್ಲಿನಿಕ್ಕಿನದೇ ಕ್ರಮಸಂಖ್ಯೆ ಕೊಡಿ, ಹೊಸ ದಾಖಲೆ ತೆರೆಯುವ ಮೊದಲು ಫೋನ್ ಮತ್ತು ಹುಟ್ಟಿದ ವರ್ಷ ಎರಡರಿಂದಲೂ ಹುಡುಕುವ ಅಭ್ಯಾಸ ರಿಸೆಪ್ಷನ್ನಿಗೆ ಮಾಡಿಸಿ. 14 ಅಂಕಿಯ ಆಭಾ ಸಂಖ್ಯೆ (ಕೇಂದ್ರ ಸರ್ಕಾರದ ಆರೋಗ್ಯ ಖಾತೆಯದು) ಪೇಷಂಟ್ ತಾವಾಗಿ ಕೊಟ್ಟರೆ ಬರೆದುಕೊಳ್ಳಿ, ಕಡ್ಡಾಯವಾಗಿ ಕೇಳುವಂತಿಲ್ಲ.

ಪ್ರಶ್ನೆ (ದಾವಣಗೆರೆ): ಕೋರ್ಟು, ಕಾನೂನು? ಅಪಘಾತದ ಕೇಸುಗಳು ನಮ್ಮಲ್ಲಿ ಬಹಳ.

ಉತ್ತರ (ದಾಖಲೆ ವಿಭಾಗ): ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಕಂಪ್ಯೂಟರ್ ದಾಖಲೆ ನಡೆಯುತ್ತದೆ, ಆದರೆ ಬರೀ ಪ್ರಿಂಟ್ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯನ್ನೂ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲ್ ತಿದ್ದಿದರೆ ಬದಲಾಗುತ್ತದೆ) ತುಂಬಬೇಕು. ಸಾಫ್ಟ್‌ವೇರ್ ಮಾರುವವರನ್ನು ಇದರ ಬಗ್ಗೆ ಮೊದಲೇ ಕೇಳಿ. ಜೊತೆಗೆ ಇನ್ನೆರಡು: ನಾವು ಬಿಟ್ಟುಹೋಗುವ ದಿನ ಎಲ್ಲ ದಾಖಲೆಯನ್ನೂ, ಸ್ಕ್ಯಾನ್ ಸಮೇತ, ಯಾವ ರೂಪದಲ್ಲಿ ಕೊಡುತ್ತೀರಿ? ಉಳಿಸಿದ ನೋಟ್ಸ್ ತಿದ್ದಿದರೆ ಹಳೆಯ ಆವೃತ್ತಿ ಕಾಣುತ್ತದೆಯೇ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. 24 ಗಂಟೆಯ ಮೇಲೆ ನೋಟ್ಸ್ ಲಾಕ್ ಆಗಲಿ, ತಪ್ಪಿದ್ದರೆ ಅಳಿಸದೆ ಕೆಳಗೆ ದಿನಾಂಕ ಹಾಕಿ ಸೇರಿಸಿ. ಒಬ್ಬೊಬ್ಬರಿಗೂ ಬೇರೆ ಲಾಗಿನ್. ಪಾಸ್‌ವರ್ಡನ್ನು ಮಾನಿಟರಿಗೆ ಅಂಟಿಸಿಟ್ಟರೆ ಬರೆದದ್ದು ಯಾರೆಂದು ಸಾಬೀತು ಮಾಡಲಾಗದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಸುರಕ್ಷತೆಯ ಲೋಪಕ್ಕೆ ದಂಡದ ಮಿತಿ 250 ಕೋಟಿ ರೂಪಾಯಿವರೆಗಿದೆ. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂಬುದು ಅದರ ಸಾಮಾನ್ಯ ನಿಯಮ. ಮಕ್ಕಳ ಥೆರಪಿ ವಿಡಿಯೋ ಮಾಡುವವರು ಇದನ್ನು ಮರೆಯಬಾರದು, ಆ ವಿಡಿಯೋ ಥೆರಪಿಸ್ಟ್ ಸ್ವಂತ ಫೋನಿನ ಗ್ಯಾಲರಿಯಲ್ಲೂ ಉಳಿಯಬಾರದು.

ಉತ್ತರ (ಹುಬ್ಬಳ್ಳಿ): ಬ್ಯಾಕಪ್ ಬಗ್ಗೆ ಯಾರೂ ಹೇಳಲಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಕ್ಲಿನಿಕ್ಕಿನ ಹೊರಗೆ. ಹೊರಗಿನ ಹಾರ್ಡ್ ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಟ್ಟರೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದ ದಿನ ಅದೂ ಹೋಗುತ್ತದೆ, ಪ್ರತಿ ತೆಗೆದ ಮೇಲೆ ಕಿತ್ತಿಡಿ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೈಲನ್ನು ಬ್ಯಾಕಪ್ಪಿನಿಂದ ವಾಪಸ್ ತೆಗೆದು ತೆರೆದು ನೋಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೆ ಕಂಪ್ಯೂಟರಿನಲ್ಲಿ ಹೊಸ ವ್ಯವಸ್ಥೆ ಹಾಕಬೇಡಿ. ಕರೆಂಟ್ ಹೋದಾಗಿನ ಬಳಕೆಗೆ ಟೆಂಪ್ಲೇಟಿನದೇ ಅಚ್ಚಾದ ಹಾಳೆ ಇಪ್ಪತ್ತು ಪ್ರತಿ ಇಟ್ಟುಕೊಂಡು, ಅದೇ ದಿನ ಒಳಗೆ ಏರಿಸಿ.

ಮರುಪ್ರಶ್ನೆ: ಹಳೆ ಫೈಲುಗಳನ್ನು ಯಾವಾಗ ವಿಲೇವಾರಿ ಮಾಡಬಹುದು?

ಉತ್ತರ (ದಾಖಲೆ ವಿಭಾಗ): ವೈದ್ಯರಿಗೆ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲಿ ಒಳರೋಗಿಗಳ ದಾಖಲೆಗೆ 3 ವರ್ಷ ಎಂದಿದೆ. ಗ್ರಾಹಕ ದೂರಿಗೆ 2019ರ ಕಾಯ್ದೆಯಂತೆ 2 ವರ್ಷ, ಕಾರಣವಿದ್ದರೆ ವಿಳಂಬವನ್ನು ಮನ್ನಿಸುತ್ತಾರೆ. ಆದ್ದರಿಂದ ವಯಸ್ಕರದ್ದು ಕೊನೆಯ ಭೇಟಿಯಿಂದ 5 ವರ್ಷ ಇಡಿ ಎಂಬುದು ನಮ್ಮ ಸಲಹೆ. ಮಕ್ಕಳದ್ದು ಅವರಿಗೆ 21 ತುಂಬುವ ತನಕ, ಏಕೆಂದರೆ ಕಾಲಮಿತಿಯ ಲೆಕ್ಕ ಶುರುವಾಗುವುದೇ 18ಕ್ಕೆ. ಅಪಘಾತದ್ದು ಕೇಸು ಮುಗಿಯುವ ತನಕ. ಫೈಲಿನ ಬೆನ್ನಿಗೆ ವಿಲೇವಾರಿಯ ವರ್ಷವನ್ನು ಈಗಲೇ ಬರೆದಿಟ್ಟರೆ ವರ್ಷಕ್ಕೊಮ್ಮೆ ಅರ್ಧ ದಿನದ ಕೆಲಸ. ರದ್ದಿಗೆ ಮಾತ್ರ ಹಾಕಬೇಡಿ, ಶ್ರೆಡ್ಡರ್‌ಗೆ ಹಾಕಿ. ಪೇಷಂಟ್ ಹೆಸರು, ಕಾಯಿಲೆ ಎರಡೂ ಇರುವ ಹಾಳೆ ಬಸ್ ಸ್ಟ್ಯಾಂಡಿನ ಕಡಲೆಕಾಯಿ ಪೊಟ್ಟಣವಾಗಿ ಅವರ ಕೈಗೇ ಸಿಕ್ಕೀತು.